ತಟ್ಟೆ ಇಡ್ಲಿಯಿಂದ ಟೊಮೆಟೊ ಸಾಸ್‌ವರೆಗೆ: ಹೋಟೆಲ್ ರುಚಿ, ಅಂಗಡಿ ಸಾಮಾನು ಮನೆಯಲ್ಲೇ ಮಾಡೋದು ಹೇಗೆ?

ತುಮಕೂರು ಮನೆ | ಭಾನುವಾರ, ಬೆಳಿಗ್ಗೆ 9:10

ಎಲ್ಲರಿಗೂ ನಮಸ್ಕಾರ. ನಮ್ಮ ಮಾವನವರಿಗೆ 78 ವರ್ಷ. ಸಿದ್ಧಗಂಗೆ ಮಠಕ್ಕೆ ಹೋಗಿ, ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಬರುವುದು ಅವರ ಎಷ್ಟೋ ವರ್ಷದ ರೂಢಿ. ಎರಡು ತಿಂಗಳ ಹಿಂದೆ ಮಂಡಿ ಆಪರೇಷನ್ ಆಯಿತು. ಈಗ ಮೆಟ್ಟಿಲು ಇಳಿಯುವ ಹಾಗಿಲ್ಲ. ಪಾರ್ಸೆಲ್ ತರಿಸಿ ಕೊಟ್ಟೆವು. ಮನೆಗೆ ಬರುವಷ್ಟರಲ್ಲಿ ಇಡ್ಲಿ ಬೆವೆತು ಒಂದಕ್ಕೊಂದು ಅಂಟಿಕೊಂಡಿತ್ತು. ಅವರು ಏನೂ ಅನ್ನಲಿಲ್ಲ, ಆದರೆ ಅರ್ಧ ಬಿಟ್ಟರು. ನನಗೆ ಬಹಳ ಬೇಜಾರಾಯಿತು.

ಅದಕ್ಕೇ ಅಗಲ ತಟ್ಟೆಯ ಸ್ಟ್ಯಾಂಡ್ ತಂದು ಮನೆಯಲ್ಲೇ ಶುರು ಮಾಡಿದೆ. ನಾಲ್ಕು ಸಲ ಆಯಿತು. ಮೊದಲ ಸಲ ಕಲ್ಲಿನ ಹಾಗೆ ಬಂತು. ಎರಡನೇ ಸಲ ಮೇಲೆ ಮೆತ್ತಗೆ, ಅಡಿಯಲ್ಲಿ ಹಸಿ ಹಸಿ. ಮೂರನೇ ಸಲ ಅಂಗಡಿಯಿಂದ ರುಬ್ಬಿದ ಹಿಟ್ಟಿನ ಪ್ಯಾಕೆಟ್ ತಂದೆ, ಆಗಲೇ ಹುಳಿ ಜಾಸ್ತಿ ಆಗಿತ್ತು. ನಾಲ್ಕನೇ ಸಲ ಪರವಾಗಿಲ್ಲ, ಆದರೆ ಬೆಣ್ಣೆ ಹಾಕಿದರೆ ಒಳಗೆ ಇಳಿಯುವಂಥ ಆ ಹದ ಇಲ್ಲ.

ಇನ್ನೊಂದು ವಿಷಯ. ಮಕ್ಕಳಿಗೆ ಅಂತ ತರುವ ಸಾಸ್, ಮಾಲ್ಟ್, ಪೀನಟ್ ಬಟರ್ ಇವೇ ತಿಂಗಳ ಸಾಮಾನಿನಲ್ಲಿ ದೊಡ್ಡ ಖರ್ಚು. ಟೊಮೆಟೊ, ರಾಗಿ, ಕಡಲೆಕಾಯಿ ಎಲ್ಲ ನಮ್ಮ ಸುತ್ತಲೇ ಬೆಳೆಯುತ್ತದೆ, ಅಲ್ವಾ? ಇವುಗಳಲ್ಲಿ ಯಾವುದನ್ನು ಮನೆಯಲ್ಲಿ ಮಾಡಿ ಗೆದ್ದಿದ್ದೀರಿ, ದಯವಿಟ್ಟು ಹೇಳಿ. ಅಳತೆ ಸಮೇತ ಹೇಳಿದರೆ ಉಪಕಾರ.

ಗುಬ್ಬಿ ಕ್ಯಾಂಟೀನ್ | 9:45

ಅಮ್ಮ, ಮೂರು ಪ್ರಶ್ನೆ. ಯಾವ ಅಕ್ಕಿ? ಗ್ರೈಂಡರೋ ಮಿಕ್ಸಿಯೋ? ಹಬೆಯಲ್ಲಿ ಎಷ್ಟು ಹೊತ್ತು ಇಟ್ಟಿರಿ?

ತುಮಕೂರು ಮನೆ | 9:52

ಊಟದ ಸೋನಾ ಮಸೂರಿ ಅಣ್ಣ. 3 ಲೋಟಕ್ಕೆ 1 ಲೋಟ ಉದ್ದು. ಮಿಕ್ಸಿ. 10 ನಿಮಿಷ.

ಗುಬ್ಬಿ ಕ್ಯಾಂಟೀನ್ | 10:40

ಮೂರೂ ಕಡೆ ಸ್ವಲ್ಪ ಸ್ವಲ್ಪ ತಪ್ಪಿದೆ. ನಾನು 11 ವರ್ಷ ಕ್ಯಾಂಟೀನ್ ಅಡುಗೆಮನೆಯಲ್ಲಿ ಕೆಲಸ ಮಾಡಿದವನು. ವಿವರವಾಗಿ ಬರೆಯುತ್ತೇನೆ.

ಅಕ್ಕಿ ದಪ್ಪದ್ದಿರಲಿ. ಇಡ್ಲಿ ಅಕ್ಕಿ ಅಥವಾ ದೋಸೆ ಅಕ್ಕಿ ಅಂತ ಕೇಳಿದರೆ ಕೊಡುತ್ತಾರೆ. ರೇಷನ್ ದಪ್ಪ ಅಕ್ಕಿಯೂ ಚೆನ್ನಾಗಿ ಬರುತ್ತದೆ. 3 ಲೋಟ ಅಕ್ಕಿಗೆ 1 ಲೋಟ ಉದ್ದಿನ ಗುಂಡು, ಅರ್ಧ ಲೋಟ ಗಟ್ಟಿ ಅವಲಕ್ಕಿ, ಕಾಲು ಲೋಟ ಸಬ್ಬಕ್ಕಿ, ಅರ್ಧ ಚಮಚ ಮೆಂತ್ಯ. ತಟ್ಟೆ ಇಡ್ಲಿ ಮೆತ್ತಗಿರುವುದಕ್ಕೆ ಅವಲಕ್ಕಿ ಮತ್ತು ಸಬ್ಬಕ್ಕಿ ಕಾರಣ. ಅಕ್ಕಿ ಮತ್ತು ಸಬ್ಬಕ್ಕಿಯನ್ನು 5 ಗಂಟೆ ನೆನೆಸಿ. ಉದ್ದು, ಮೆಂತ್ಯ ಬೇರೆ ಪಾತ್ರೆಯಲ್ಲಿ 4 ಗಂಟೆ. ಅವಲಕ್ಕಿ ರುಬ್ಬುವ ಮುಂಚೆ 15 ನಿಮಿಷ ಸಾಕು.

ಮೊದಲು ಉದ್ದು ರುಬ್ಬಿ. ಇದೇ ಮುಖ್ಯ. ಉದ್ದಿನ ಲೋಳೆ ಗಾಳಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದರಿಂದಲೇ ಇಡ್ಲಿ ಉಬ್ಬುತ್ತದೆ. ಗ್ರೈಂಡರಿನಲ್ಲಾದರೆ 25ರಿಂದ 30 ನಿಮಿಷ, ನೀರನ್ನು ಕೈಯಲ್ಲಿ ಚಿಮುಕಿಸುತ್ತಾ ಇರಬೇಕು. ಒಂದು ಬಟ್ಟಲು ನೀರಿಗೆ ಒಂದು ಚಿಟಿಕೆ ಹಿಟ್ಟು ಬಿಡಿ. ತೇಲಿದರೆ ಆಯಿತು, ಮುಳುಗಿದರೆ ಇನ್ನೂ ರುಬ್ಬಬೇಕು. ಮಿಕ್ಸಿ ಬೇಗ ಬಿಸಿಯಾಗುತ್ತದೆ, ಹಿಟ್ಟೂ ಬಿಸಿಯಾಗಿ ಸರಿಯಾಗಿ ಉಬ್ಬುವುದಿಲ್ಲ. ಮಿಕ್ಸಿಯೇ ಗತಿ ಅಂದರೆ ಫ್ರಿಜ್ಜಿನ ತಣ್ಣೀರು ಹಾಕಿ, ನಾಲ್ಕು ಸಲಕ್ಕೆ ಹಂಚಿಕೊಂಡು, ನಡುವೆ ನಿಲ್ಲಿಸಿ ನಿಲ್ಲಿಸಿ ರುಬ್ಬಿ. ಅಕ್ಕಿಯನ್ನು ನುಣ್ಣಗೆ ಮಾಡಬೇಡಿ. ಬೆರಳಿಗೆ ಚಿರೋಟಿ ರವೆಯಷ್ಟು ತರಿ ಸಿಗಬೇಕು.

ಎರಡನ್ನೂ ಕೈಯಲ್ಲೇ ಎರಡು ನಿಮಿಷ ಕಲಸಿ. ಬೇಸಿಗೆಯಲ್ಲಿ 8 ಗಂಟೆ, ಚಳಿಗಾಲದಲ್ಲಿ 12ರಿಂದ 14 ಗಂಟೆ ಬಿಡಿ. ಚಳಿಯಲ್ಲಿ ಪಾತ್ರೆಯನ್ನು ಹಳೇ ಕಂಬಳಿಯಲ್ಲಿ ಸುತ್ತಿಡಿ. ಉಪ್ಪು ಹಿಟ್ಟು ಉಬ್ಬುವುದನ್ನು ನಿಧಾನ ಮಾಡುತ್ತದೆ. ಹಾಗಾಗಿ ಚಳಿಗಾಲದಲ್ಲಿ ಬೆಳಿಗ್ಗೆ ಹಾಕಿ, ಬೇಸಿಗೆಯಲ್ಲಿ ರಾತ್ರಿಯೇ ಹಾಕಿ. ಉಬ್ಬಿದ ಮೇಲೆ ಗರಗರ ತಿರುಗಿಸಬೇಡಿ, ಸೌಟಿನಲ್ಲಿ ಮೇಲಿನಿಂದ ಮೆಲ್ಲಗೆ ತೆಗೆದುಕೊಳ್ಳಿ.

ಇನ್ನು ಹಬೆ. ಪಾತ್ರೆಯ ನೀರು ಚೆನ್ನಾಗಿ ಕುದ್ದು ಹಬೆ ಬಂದ ಮೇಲೆಯೇ ತಟ್ಟೆ ಇಡಬೇಕು. ತಣ್ಣಗಿರುವಾಗಲೇ ಇಟ್ಟರೆ ಅಡಿ ಹಸಿ ಉಳಿಯುತ್ತದೆ. ನಿಮ್ಮ ಎರಡನೇ ಸಲದ್ದು ಅದೇ ಇರಬೇಕು. ಹಿಟ್ಟು ತಟ್ಟೆಯ ಅರ್ಧದವರೆಗೆ ಮಾತ್ರ. ತಟ್ಟೆ ಅಗಲ ಇರುವುದರಿಂದ 14ರಿಂದ 15 ನಿಮಿಷ ಬೇಕು. ಮುಚ್ಚಳದ ಒಳಗೆ ಒಂದು ತೆಳು ಬಟ್ಟೆ ಕಟ್ಟಿ, ಇಲ್ಲದಿದ್ದರೆ ನೀರು ತೊಟ್ಟಿಕ್ಕಿ ಇಡ್ಲಿಯ ಮೇಲೆ ಗುಳಿ ಬೀಳುತ್ತದೆ. ಒಲೆ ಆರಿಸಿ 5 ನಿಮಿಷ ಬಿಟ್ಟು ಎತ್ತಿ.

ಶಿರಾ ಹುಡುಗಿ | 11:05

ಹೋಟೆಲಿನಲ್ಲಿ ಸೋಡಾ ಹಾಕುತ್ತಾರೆ ಅಂತಾರಲ್ಲ ಅಣ್ಣ, ನಿಜಾನಾ?

ಗುಬ್ಬಿ ಕ್ಯಾಂಟೀನ್ | 11:20

ಹಾಕುವವರು ಇದ್ದಾರೆ. ಹಿಟ್ಟು ಉಬ್ಬದ ದಿನ ಗಿರಾಕಿಯನ್ನು ವಾಪಸ್ ಕಳಿಸೋಕೆ ಆಗಲ್ಲವಲ್ಲ. ಮನೆಯಲ್ಲಿ ಆ ಅವಸರ ಇಲ್ಲ. ಇನ್ನೆರಡು ಗಂಟೆ ಬಿಟ್ಟರೆ ತಾನಾಗಿ ಉಬ್ಬುತ್ತದೆ. ಸೋಡಾ ಜಾಸ್ತಿಯಾದರೆ ಇಡ್ಲಿ ಹಳದಿ ತಿರುಗುತ್ತದೆ, ಬಾಯಲ್ಲಿ ಸೋಪಿನ ರುಚಿ ಉಳಿಯುತ್ತದೆ. ವಯಸ್ಸಾದವರಿಗೆ ಮಾಡುವಾಗ ಬೇಡವೇ ಬೇಡ.

ತಿಪಟೂರು ಕೊಬ್ಬರಿ | ಮಧ್ಯಾಹ್ನ 12:30

ತಟ್ಟೆ ಇಡ್ಲಿ ಅಂದ ಮೇಲೆ ಚಟ್ನಿಪುಡಿ ಬೇಡವಾ? ನಮ್ಮೂರಲ್ಲಿ ಕೊಬ್ಬರಿಗೆ ಬರವಿಲ್ಲ, ಅದಕ್ಕೆ ಇದು ನಾನೇ ಬರೆಯುತ್ತೇನೆ.

1 ಗಿಟುಕು ಕೊಬ್ಬರಿ ತುರಿದುಕೊಳ್ಳಿ. ಹುರಿಗಡಲೆ 1 ಲೋಟ, ಬ್ಯಾಡಗಿ ಮೆಣಸಿನಕಾಯಿ 12, ಗುಂಟೂರು 3, ಬೆಳ್ಳುಳ್ಳಿ 10 ಎಸಳು, ನಿಂಬೆಹಣ್ಣಿನ ಅರ್ಧದಷ್ಟು ಹುಣಸೆ, ಕರಿಬೇವು ಒಂದು ಹಿಡಿ, ಉಪ್ಪು, ಚೂರು ಬೆಲ್ಲ. ಒಂದೊಂದನ್ನೂ ಬೇರೆ ಬೇರೆ ಬಿಸಿ ಮಾಡಬೇಕು. ಕೊಬ್ಬರಿ ಬೆಚ್ಚಗಾದರೆ ಸಾಕು, ಕೆಂಪಾಗಬಾರದು. ಕರಿಬೇವು ಕೈಯಲ್ಲಿ ಪುಡಿಯಾಗುವಷ್ಟು ಗರಿಗರಿ ಆಗಬೇಕು. ಬೆಳ್ಳುಳ್ಳಿಯ ಪಸೆ ಆರುವವರೆಗೆ ಬಾಡಿಸಿ. ಪುಡಿ ಕೆಡುವುದು ಈ ಪಸೆಯಿಂದಲೇ. ಹುರಿಗಡಲೆ, ಮೆಣಸಿನಕಾಯಿ ಮೊದಲು, ಕೊಬ್ಬರಿ ಕೊನೆಗೆ. ಕೊಬ್ಬರಿ ಜಾಸ್ತಿ ತಿರುಗಿಸಿದರೆ ಎಣ್ಣೆ ಬಿಟ್ಟು ಉಂಡೆ ಕಟ್ಟುತ್ತದೆ.

ಹದಿನೈದು ದಿನಕ್ಕೆ ಆಗುವಷ್ಟೇ ಮಾಡಿ. ಹಳೆಯದಾದರೆ ಕೊಬ್ಬರಿ ಕಮಟು ವಾಸನೆ ಬರುತ್ತದೆ. ಅಂಗಡಿ ಪುಡಿಗೂ ಮನೆ ಪುಡಿಗೂ ಇರುವ ದೊಡ್ಡ ವ್ಯತ್ಯಾಸ ಈ ತಾಜಾತನ.

ಮುಳಬಾಗಿಲು ಹೆಂಚು | ಸಂಜೆ 4:15

ತುಮಕೂರಿನವರು ಇಡ್ಲಿ ಹೇಳಿದರು, ಕೋಲಾರ ಜಿಲ್ಲೆಯವರು ದೋಸೆ ಹೇಳದೆ ಇರೋಕಾಗುತ್ತಾ? ಕುರುಡುಮಲೆ ಗಣಪನ ದರ್ಶನಕ್ಕೆ ಬಂದವರು ಮುಳಬಾಗಿಲು ದೋಸೆ ತಿಂದೇ ಹೋಗುತ್ತಾರೆ. ಮನೆಯಲ್ಲಿ ಮಾಡಿದಾಗ ಬಹಳ ಜನ ಅದನ್ನು ಸಾದಾ ಮಸಾಲೆ ದೋಸೆ ಹಾಗೆ ತೆಳ್ಳಗೆ ಎಳೆದುಬಿಡುತ್ತಾರೆ. ಇದು ದಪ್ಪ ದೋಸೆ. ಅಡಿ ಕೆಂಪಗೆ ಗರಿಗರಿ, ಮೇಲೆ ಮೆತ್ತಗೆ.

ನಮ್ಮ ಮನೆಯ ಅಳತೆ: ದೋಸೆ ಅಕ್ಕಿ 4 ಲೋಟ, ಉದ್ದು 1, ಗಟ್ಟಿ ಅವಲಕ್ಕಿ ಅರ್ಧ, ಮೆಂತ್ಯ 1 ಚಮಚ. ದೋಸೆಗೆ ನಾವು ಸಬ್ಬಕ್ಕಿ ಹಾಕಲ್ಲ. ಹಾಕಿದರೆ ಮೇಲ್ಭಾಗ ಜಿಗುಟಾಗುತ್ತದೆ ಅನ್ನೋದು ನನ್ನ ಅನುಭವ. ಬೆಳಿಗ್ಗೆ ಹಿಟ್ಟಿಗೆ 2 ಚಮಚ ಚಿರೋಟಿ ರವೆ, ಅರ್ಧ ಚಮಚ ಸಕ್ಕರೆ. ಆ ಹೋಟೆಲಿನ ಕೆಂಪು ಬಣ್ಣಕ್ಕೆ ಸಕ್ಕರೆ ಸಹಾಯ ಮಾಡುತ್ತದೆ.

ಕಬ್ಬಿಣದ ಹೆಂಚೇ ಬೇಕು. ನಾನ್‌ಸ್ಟಿಕ್‌ನಲ್ಲಿ ಈ ಬಣ್ಣ ಬರುವುದು ಕಷ್ಟ. ಹೆಂಚು ಕಾದ ಮೇಲೆ ನೀರು ಚಿಮುಕಿಸಿ, ಅರ್ಧ ಈರುಳ್ಳಿಯಿಂದ ಉಜ್ಜಿ. ಹೆಂಚು ತುಂಬಾ ಕಾದಿದ್ದರೆ ಹಿಟ್ಟು ಸೌಟಿನ ಜೊತೆಗೇ ಎದ್ದು ಬರುತ್ತದೆ, ಆಗ ಉರಿ ತಗ್ಗಿಸಿ ಇನ್ನೊಮ್ಮೆ ನೀರು ಚಿಮುಕಿಸಿ. ಒಂದೂವರೆ ಸೌಟು ಹಿಟ್ಟು, ಅಂಗೈ ಅಗಲಕ್ಕಿಂತ ಸ್ವಲ್ಪ ದೊಡ್ಡದು. ಸುತ್ತ ತುಪ್ಪ ಬಿಟ್ಟು ಮುಚ್ಚಳ ಮುಚ್ಚಿ. ಮಧ್ಯಮ ಉರಿ. ಮಗುಚಬಾರದು. ಮೇಲ್ಭಾಗ ಹಬೆಯಲ್ಲೇ ಬೇಯಬೇಕು.

ಕೆಂಪು ಚಟ್ನಿಗೆ ಬಿಸಿನೀರಲ್ಲಿ ನೆನೆಸಿದ ಬ್ಯಾಡಗಿ 8, ಬೆಳ್ಳುಳ್ಳಿ 8 ಎಸಳು, ಹುರಿಗಡಲೆ 2 ಚಮಚ, ಚೂರು ಹುಣಸೆ, ಉಪ್ಪು. ನೀರು ಕಡಿಮೆ, ಗಟ್ಟಿಯಾಗಿ ರುಬ್ಬಿ. ದೋಸೆ ಮುಕ್ಕಾಲು ಬೆಂದಾಗ ಸವರಿ. ಮೊದಲೇ ಸವರಿದರೆ ಅದರ ನೀರು ಇಳಿದು ದೋಸೆ ಮೆದುವಾಗುತ್ತದೆ.

ಕೋಲಾರ ತೋಟ | ರಾತ್ರಿ 8:30

ಸಾಸ್ ಬಗ್ಗೆ ಯಾರೂ ಬರೆದಿಲ್ಲ. ನಾವು ಟೊಮೆಟೊ ಬೆಳೆಯುವವರು. 2023ರ ಜುಲೈನಲ್ಲಿ ಕೋಲಾರ ಎಪಿಎಂಸಿಯಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿತ್ತು. ಆ ದಿನಗಳು ಎಲ್ಲರಿಗೂ ನೆನಪಿವೆ. ಆದರೆ ಕಿತ್ತ ಕೂಲಿಯೂ ಹುಟ್ಟದ ದಿನಗಳು ಅದಕ್ಕಿಂತ ಜಾಸ್ತಿ. ಹಣ್ಣನ್ನು ರಸ್ತೆ ಪಕ್ಕ ಸುರಿಯುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅಂಥ ಒಂದು ವರ್ಷ ನನ್ನ ಹೆಂಡತಿ ಸಾಸ್ ಮಾಡಲು ಶುರು ಮಾಡಿದಳು. ಈಗ ನೆಂಟರಿಷ್ಟರೆಲ್ಲ ಕೇಳಿ ತೆಗೆದುಕೊಂಡು ಹೋಗುತ್ತಾರೆ. ಬೆಲೆ ಇಳಿದಾಗ 5 ಕೆ.ಜಿ. ಕೊಂಡು ಮಾಡಿಟ್ಟುಕೊಳ್ಳಿ. ನಿಮಗೂ ಲಾಭ, ನಮಗೂ ಸಮಾಧಾನ.

ಹಣ್ಣು ಪೂರ್ತಿ ಕೆಂಪಾಗಿರಲಿ, ಗಟ್ಟಿ ತಿರುಳಿನದ್ದಿರಲಿ. ಹುಳಿ ನಾಟಿ ಹಣ್ಣು ಸಾರಿಗೆ ಸೊಗಸು, ಸಾಸಿಗೆ ನೀರು ಜಾಸ್ತಿ. 3 ಕೆ.ಜಿ. ಹಣ್ಣಿಗೆ ಈರುಳ್ಳಿ 2, ಬೆಳ್ಳುಳ್ಳಿ 10 ಎಸಳು, ಚೂರು ಶುಂಠಿ. ಲವಂಗ 6, ಚಕ್ಕೆ 2 ತುಂಡು, ಕಾಳುಮೆಣಸು 10 ಇವನ್ನು ಬಿಳಿ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ. ಬ್ಯಾಡಗಿ ಪುಡಿ 2 ಚಮಚ, ಸಕ್ಕರೆ 250 ಗ್ರಾಂ, ಉಪ್ಪು 5 ಚಮಚ, ವಿನೆಗರ್ ಅರ್ಧ ಲೋಟ, ಅಂದರೆ 100 ಮಿ.ಲೀ.

ಹಣ್ಣು, ಈರುಳ್ಳಿ, ಬೆಳ್ಳುಳ್ಳಿ, ಶುಂಠಿ ಮೆತ್ತಗೆ ಬೇಯಿಸಿ, ಆರಿಸಿ, ರುಬ್ಬಿ, ಜರಡಿಯಲ್ಲಿ ಸೋಸಿ. ಸಿಪ್ಪೆ ಬೀಜ ಪೂರ್ತಿ ಹೋಗಬೇಕು. ಸ್ಟೀಲ್ ಪಾತ್ರೆಯಲ್ಲಿ ಮಸಾಲೆ ಗಂಟು, ಬ್ಯಾಡಗಿ ಪುಡಿ, ಸಕ್ಕರೆಯ ಮೂರನೇ ಒಂದು ಭಾಗ ಹಾಕಿ ಕುದಿಯಲು ಇಡಿ. ಅಲ್ಯೂಮಿನಿಯಂ, ಕಬ್ಬಿಣ ಬೇಡ, ಹುಳಿಗೆ ಪಾತ್ರೆಯ ಅಂಶ ಬಿಡುತ್ತದೆ. ರಸ ಮೂರನೇ ಒಂದು ಭಾಗಕ್ಕೆ ಇಳಿಯುವವರೆಗೆ ಕಾಯಬೇಕು. ಗಟ್ಟಿಯಾದಂತೆ ಸಿಡಿಯುತ್ತದೆ, ಉದ್ದ ಹಿಡಿಯ ಸೌಟು ಇಟ್ಟುಕೊಳ್ಳಿ, ಮಕ್ಕಳನ್ನು ಒಲೆ ಹತ್ತಿರ ಬಿಡಬೇಡಿ. ಕೊನೆಗೆ ಉಳಿದ ಸಕ್ಕರೆ, ಉಪ್ಪು, ವಿನೆಗರ್. ವಿನೆಗರ್ ಮೊದಲೇ ಹಾಕಿದರೆ ಆವಿಯಾಗಿ ಹೋಗುತ್ತದೆ. ಸಾಸ್ ಕೆಡದ ಹಾಗೆ ಕಾಯುವುದೇ ಅದು. ತಟ್ಟೆ ಮೇಲೆ ಒಂದು ಹನಿ ಹಾಕಿ ನೋಡಿ. ಸುತ್ತ ನೀರಿನ ಉಂಗುರ ಬರದಿದ್ದರೆ ಆಯಿತು.

ಗಾಜಿನ ಬಾಟಲಿಯನ್ನು ನೀರಲ್ಲಿ 15 ನಿಮಿಷ ಕುದಿಸಿ ಒಣಗಿಸಿ, ಸಾಸ್ ಬಿಸಿಯಿರುವಾಗಲೇ ತುಂಬಿ. ಇದರಲ್ಲಿ ಕಾಪಿಡುವ ರಾಸಾಯನಿಕ ಇಲ್ಲ. ಫ್ರಿಜ್ಜಿನಲ್ಲೇ ಇಡಿ, ಒಂದು ತಿಂಗಳಲ್ಲಿ ಮುಗಿಸಿ.

ಗೌರಿಬಿದನೂರು ಅಕ್ಕ | 9:00

ನಾನೂ ಮಾಡಿದ್ದೆ ಅಣ್ಣ. ಎರಡು ದಿನಕ್ಕೆ ಮೇಲೆ ನೀರು, ಕೆಳಗೆ ಸಾಸ್ ಅಂತ ಬೇರೆಯಾಯಿತು. ಗಂಟೆಗಟ್ಟಲೆ ಕುದಿಸಿದ್ದೆ. ಯಾಕೆ ಹಾಗೆ?

ಕೋಲಾರ ತೋಟ | 9:25

ಹಣ್ಣು ಹೆಚ್ಚಿ ಸುಮ್ನೆ ಇಟ್ಟಿದ್ದಿರಾ ಅಕ್ಕ? ಹೆಚ್ಚಿದ ತಕ್ಷಣ ಒಲೆಗೆ ಹೋಗಬೇಕು. ಟೊಮೆಟೊದಲ್ಲಿ ಪೆಕ್ಟಿನ್ ಇದೆ, ರಸವನ್ನು ಗಟ್ಟಿಯಾಗಿ ಹಿಡಿಯುವುದು ಅದು. ಹಣ್ಣು ಹೆಚ್ಚಿದ ಕೂಡಲೇ ಅದರೊಳಗಿನ ಕಿಣ್ವಗಳು ಪೆಕ್ಟಿನ್ನನ್ನು ಒಡೆಯಲು ಶುರು ಮಾಡುತ್ತವೆ. ಬೇಗ ಬಿಸಿ ತಾಗಿದರೆ ಆ ಕಿಣ್ವಗಳ ಕೆಲಸ ನಿಲ್ಲುತ್ತದೆ. ಕಾರ್ಖಾನೆಯಲ್ಲೂ ಗಟ್ಟಿ ಸಾಸಿಗೆ ಹಣ್ಣನ್ನು ಜಜ್ಜಿದ ಕೂಡಲೇ ಬಿಸಿ ಮಾಡುತ್ತಾರೆ. ಮೊದಲು ಪಾತ್ರೆ ಬಿಸಿ ಮಾಡಿಕೊಳ್ಳಿ. ಸ್ವಲ್ಪ ಸ್ವಲ್ಪ ಹೆಚ್ಚಿ ನೇರ ಅದಕ್ಕೇ ಹಾಕುತ್ತಾ ಹೋಗಿ.

ಗೌರಿಬಿದನೂರು ಅಕ್ಕ | 9:31

ಹೌದು! ಹೆಚ್ಚಿಟ್ಟು ಮಗುವನ್ನು ಶಾಲೆಗೆ ಬಿಟ್ಟು ಬಂದಿದ್ದೆ. ಸುಮಾರು ಒಂದು ಗಂಟೆ ಹಾಗೇ ಇತ್ತು.

ಚಿಂತಾಮಣಿ ಕಡಲೆಕಾಯಿ | ಸೋಮವಾರ, ಬೆಳಿಗ್ಗೆ 7:00

ಪೀನಟ್ ಬಟರ್ ಬಹಳ ಸುಲಭ. ಅರ್ಧ ಕೆ.ಜಿ. ಕಡಲೆಬೀಜ ಸಣ್ಣ ಉರಿಯಲ್ಲಿ 15 ನಿಮಿಷ ಹುರಿದು ಸಿಪ್ಪೆ ತೆಗೆಯಿರಿ. ಕಪ್ಪಾದ, ಮುರುಟಿದ, ಬೂಸಲು ಬಂದ ಬೀಜ ಒಂದೂ ಇರಬಾರದು. ಅದರಲ್ಲಿ ವಿಷದ ಶಿಲೀಂಧ್ರ ಇರಬಹುದು, ಹುರಿದರೂ ಆ ವಿಷ ಪೂರ್ತಿ ಹೋಗುವುದಿಲ್ಲ. ಬೆಚ್ಚಗಿರುವಾಗಲೇ ಮಿಕ್ಸಿಗೆ ಹಾಕಿ. ಮೊದಲು ಪುಡಿ, ಆಮೇಲೆ ಮುದ್ದೆ, ಆಮೇಲೆ ತಾನಾಗಿ ಎಣ್ಣೆ ಬಿಟ್ಟು ಸಡಿಲವಾಗುತ್ತದೆ. ಮುದ್ದೆಯಾದಾಗ ಹೆದರಿ ನೀರು ಹಾಕಬೇಡಿ, ಕೆಡುತ್ತದೆ. ಜಾರು ಬಿಸಿಯಾದರೆ ಐದು ನಿಮಿಷ ನಿಲ್ಲಿಸಿ. ಚಿಟಿಕೆ ಉಪ್ಪು, ಬೇಕಾದರೆ ಬೆಲ್ಲದ ಪುಡಿ. ಬೆಲ್ಲ ಹಾಕಿದರೆ ಸ್ವಲ್ಪ ಬಿಗಿಯಾಗುತ್ತದೆ, ಅಷ್ಟೇ.

ಮಧುಗಿರಿ ಅಂಗನವಾಡಿ | 1:15

ಮಾಲ್ಟ್ ಬಗ್ಗೆ ನಾನು ಹೇಳಲೇಬೇಕು. ನಮ್ಮ ಕಡೆ ತಾಯಂದಿರು ಡಬ್ಬಿ ಮಾಲ್ಟ್‌ಗೆ ನೂರಾರು ರೂಪಾಯಿ ಕೊಡುತ್ತಾರೆ. ಲೇಬಲ್ ಓದಿ, ಎಷ್ಟೋ ಡಬ್ಬಿಗಳಲ್ಲಿ ಸಕ್ಕರೆಯೇ ಜಾಸ್ತಿ. 100 ಗ್ರಾಂ ರಾಗಿಯಲ್ಲಿ 300 ಮಿ.ಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ ಇದೆ. ಮನೆಯಲ್ಲೇ ಮೂಟೆ ಇಟ್ಟುಕೊಂಡು ಡಬ್ಬಿ ಯಾಕೆ ತರಬೇಕು?

1 ಕೆ.ಜಿ. ರಾಗಿ ನಾಲ್ಕೈದು ನೀರಲ್ಲಿ ತೊಳೆದು, ಕಲ್ಲು ಗಾಲಿಸಿ, ರಾತ್ರಿಯಿಡೀ ನೆನೆಸಿ. ನೀರು ಬಸಿದು ಹತ್ತಿ ಬಟ್ಟೆಯಲ್ಲಿ ಕಟ್ಟಿ. ಬಟ್ಟೆ ಒಣಗಿದಾಗ ನೀರು ಚಿಮುಕಿಸಿ. ಒಂದೂವರೆ ದಿನದಲ್ಲಿ ಬಿಳಿ ಮೊಳಕೆ ಕಾಣುತ್ತದೆ. ತೆಳುವಾಗಿ ಹರಡಿ, ಪೂರ್ತಿ ಒಣಗಿಸಿ, ಸಣ್ಣ ಉರಿಯಲ್ಲಿ ಘಮ ಬರುವಷ್ಟು ಮಾತ್ರ ಹುರಿದು, ಮೊಳಕೆ ಉಜ್ಜಿ ತೆಗೆದು ಮಿಲ್ಲಿಗೆ ಕೊಡಿ.

ಮೊಳಕೆ ಬಂದಾಗ ರಾಗಿಯಲ್ಲಿ ಅಮೈಲೇಸ್ ಅನ್ನೋ ಕಿಣ್ವ ಜಾಸ್ತಿಯಾಗುತ್ತದೆ. ಅದು ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಗಂಜಿ ಅಂಟಾಗದೆ ತೆಳ್ಳಗಿರುತ್ತದೆ. ಅಷ್ಟೇ ಗಂಜಿಯಲ್ಲಿ ಜಾಸ್ತಿ ಹಿಟ್ಟು ಹಾಕಬಹುದು, ಚಿಕ್ಕ ಹೊಟ್ಟೆಯ ಮಗುವಿಗೆ ಇದು ದೊಡ್ಡ ಅನುಕೂಲ. ಜಾಸ್ತಿ ಹುರಿದರೆ ಈ ಗುಣ ಹೋಗುತ್ತದೆ. ಹಿಟ್ಟನ್ನು ಮೊದಲು ತಣ್ಣೀರಲ್ಲಿ ಕದಡಿಕೊಂಡು ಆಮೇಲೆ ಒಲೆಗೆ ಇಡಿ, ಗಂಟು ಬರಲ್ಲ. ನಿಮ್ಮ ಮಾವನವರಿಗೂ ರಾತ್ರಿ ಒಂದು ಲೋಟ ಕೊಡಿ ಅಕ್ಕ. ಸಕ್ಕರೆ ಕಾಯಿಲೆ ಇದ್ದರೆ ಡಾಕ್ಟರನ್ನು ಕೇಳಿ, ಬೆಲ್ಲ ಹಾಕದೆ ಮಜ್ಜಿಗೆ, ಉಪ್ಪು ಹಾಕಿ.

ನಂದಿ ತಪ್ಪಲು | 6:40

ಬಾಟಲಿ ದ್ರಾಕ್ಷಿ ಜ್ಯೂಸ್ ತರುವವರಿಗೆ ಒಂದು ಮಾತು. ಚಿಕ್ಕಬಳ್ಳಾಪುರದ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿ ಜ್ಯೂಸಿಗೆ ಹೇಳಿ ಮಾಡಿಸಿದ ಹಣ್ಣು. 1 ಕೆ.ಜಿ. ಹಣ್ಣಿಗೆ 1 ಲೋಟ ನೀರು ಹಾಕಿ, ಸಿಪ್ಪೆ ಸಮೇತ 10 ನಿಮಿಷ ಬೇಯಿಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿ. ಬಣ್ಣವೆಲ್ಲ ಸಿಪ್ಪೆಯಲ್ಲೇ ಇರುವುದು. ಮಿಕ್ಸಿಗೆ ಹಾಕಬೇಡಿ, ಬೀಜ ಒಡೆದರೆ ಒಗರು. ರಸಕ್ಕೆ 150 ಗ್ರಾಂ ಸಕ್ಕರೆ ಹಾಕಿ ಒಂದು ಕುದಿ ಬರಿಸಿ. ಫ್ರಿಜ್ಜಿನಲ್ಲಿಟ್ಟರೆ ತಳದಲ್ಲಿ ಮರಳಿನಂಥ ಹರಳು ಕೂರುತ್ತದೆ. ಕೆಟ್ಟಿತು ಅಂತ ಚೆಲ್ಲಬೇಡಿ. ದ್ರಾಕ್ಷಿಯ ಹುಳಿಯೇ ಹಾಗೆ ಹರಳುಗಟ್ಟುತ್ತದೆ. ಮೇಲಿನ ರಸ ಬಗ್ಗಿಸಿಕೊಂಡರೆ ಸಾಕು.

ತುಮಕೂರು ಮನೆ | ಮುಂದಿನ ಭಾನುವಾರ, ಬೆಳಿಗ್ಗೆ 10:05

ಎಲ್ಲರಿಗೂ ಹೇಳಬೇಕು ಅಂತ ಕಾಯುತ್ತಿದ್ದೆ. ದಪ್ಪ ಅಕ್ಕಿ ತಂದೆ. ಪಕ್ಕದ ಮನೆಯವರ ಗ್ರೈಂಡರ್ ಕೇಳಿ ತಂದೆ. ಉದ್ದು ನೀರಿನಲ್ಲಿ ತೇಲಿದಾಗ ನನ್ನ ಮಗಳು ಚಪ್ಪಾಳೆ ತಟ್ಟಿದಳು. ರಾತ್ರಿ ಕಂಬಳಿ ಸುತ್ತಿಟ್ಟೆ. ಬೆಳಿಗ್ಗೆ ಹಿಟ್ಟು ಪಾತ್ರೆಯ ಅಂಚಿಗೆ ಬಂದಿತ್ತು.

15 ನಿಮಿಷ ಹಬೆ, ಮುಚ್ಚಳಕ್ಕೆ ಬಟ್ಟೆ, 5 ನಿಮಿಷ ಬಿಟ್ಟು ಎತ್ತಿದೆ. ತಟ್ಟೆ ಸಮೇತ ಮಾವನವರ ಮಂಚದ ಹತ್ತಿರ ತೆಗೆದುಕೊಂಡು ಹೋದೆ. ಅವರು ಬೆರಳಲ್ಲಿ ಒತ್ತಿ ನೋಡಿದರು. ಬೆಣ್ಣೆ ಇಟ್ಟರೆ ಕರಗಿ ಒಳಗೆ ಇಳಿಯಿತು. ತಿಪಟೂರಿನವರ ಪುಡಿಯ ಜೊತೆ ಎರಡು ತಿಂದರು. ಮೂರನೆಯದನ್ನು ಅರ್ಧ ಕೇಳಿದರು. "ಇನ್ನೊಂಚೂರು ಉಪ್ಪು ಬೇಕಿತ್ತು ಕಣಮ್ಮ" ಅಂದರು. ಅವರು ಹೋಟೆಲಿನಲ್ಲೂ ಹಾಗೇ ಹೇಳುತ್ತಿದ್ದರಂತೆ, ನಮ್ಮ ಅತ್ತೆ ಹೇಳಿದರು.

ಗುಬ್ಬಿ ಅಣ್ಣನಿಗೆ ಒಂದೇ ಪ್ರಶ್ನೆ ಉಳಿದಿದೆ. ಅರ್ಧ ಪಾತ್ರೆ ಹಿಟ್ಟು ಮಿಕ್ಕಿದೆ. ನಾಳೆಗೂ ಇದೇ ಹದ ಇರುತ್ತಾ?

ಗುಬ್ಬಿ ಕ್ಯಾಂಟೀನ್ | 10:20

ಬಹಳ ಸಂತೋಷ ಆಯಿತಮ್ಮ. ತಿರುಗಿಸದೆ ಹಾಗೇ ಫ್ರಿಜ್ಜಿಗೆ ಇಡಿ. ನಾಳೆ ಬೆಳಿಗ್ಗೆ ಮಾಡುವ ಅರ್ಧ ಗಂಟೆ ಮುಂಚೆ ಹೊರಗೆ ತೆಗೆಯಿರಿ. ತಣ್ಣನೆಯ ಹಿಟ್ಟನ್ನೇ ಹಬೆಗೆ ಇಟ್ಟರೆ ನಡುವೆ ಗಟ್ಟಿ ಉಳಿಯುತ್ತದೆ. ನಾಳಿದ್ದಿಗೆ ಹುಳಿ ಏರುತ್ತದೆ, ಆಗ ಇಡ್ಲಿ ಬೇಡ. ಸ್ವಲ್ಪ ನೀರು, ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೇರಿಸಿ ಗುಳಿಯಪ್ಪ ಹಾಕಿ. ಉಪ್ಪು ಮಾತ್ರ ಮಾವನವರನ್ನು ಕೇಳಿಯೇ ಹಾಕಿ.